ನೀರಿನ ಪಂಚಾಂಗ: ಶರಾವತಿಯ ಸೀಮೆಯಲ್ಲಿ ವಿಹಾರ

ಶಾಲೆಗಳಿಗೆ ಬೇಸಗೆಯ ರಜೆ ಬಂದೊಡನೆ ಮಕ್ಕಳುಮರಿಗಳೊಡನೆ ಜೋಗಕ್ಕೆ ಧಾವಿಸಿ, ವೀಕ್ಷಣೆಯ ಕಟ್ಟೆಗೆ ಒರಗಿ ನಿಂತು, ಎದುರಿನ ಕರಿಬಂಡೆಯ ಮೇಲೆ ಜಾರುತ್ತಿರುವ ಎರಡೆಳೆ ನೀರನ್ನು ಕಂಡು, ‘ಇಷ್ಟೇನಾ ಜೋಗ?’ ಎಂದು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಹಿಂದಿರುಗುವವರ ಸಂಖ್ಯೆ ಅಲ್ಪವಾದುದಲ್ಲ. ಅವರು ದೂಷಿಸುವುದು ಜಲಪಾತವನ್ನು; ದೂಷಿಸಬೇಕಾದುದು ತಾವು ಆರಿಸಿಕೊಂಡ ಮಾಸವನ್ನು. ಶರಾವತಿಯ ಕಣಿವೆಗೆ ವಿಹಾರಾರ್ಥವಾಗಿ ಹೊರಡುವವನು ಮೊದಲು ಸ್ಥಳವನ್ನು ನಿಶ್ಚಯಿಸಿ ಅನಂತರ ದಿನವನ್ನು ಗೊತ್ತುಮಾಡುವುದು ಹಿಂದುಮುಂದಾದ ಕ್ರಮ. ಏಕೆಂದರೆ ಆ ನಾಡಿನಲ್ಲಿ ಏನನ್ನು ನೋಡಬಹುದು, ಎಲ್ಲಿ ನಡೆಯಬಹುದು, ಯಾವ ನೀರಿನಲ್ಲಿ ದೋಣಿಯನ್ನಿಳಿಸಬಹುದು, ಯಾವ ರಾತ್ರಿ ಎಲ್ಲಿ ಯಕ್ಷಗಾನದ ಆಟಕ್ಕೆ ಕುಳಿತುಕೊಳ್ಳಬಹುದು ಎಂಬುದೆಲ್ಲವೂ ನೀರಿನ ಪಂಚಾಂಗಕ್ಕೆ ಅಧೀನವಾಗಿದೆ. ಆ ಪಂಚಾಂಗದ ಅರ್ಧವನ್ನು ಮುಂಗಾರು ಬರೆದಿದ್ದರೆ ಉಳಿದರ್ಧವನ್ನು ಎಂಜಿನಿಯರರು ಬರೆದಿದ್ದಾರೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಉದಿಸಿ, ಹೊಸನಗರ ಸಾಗರಗಳ ಸೀಮೆಯನ್ನು ಹಾದು, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಶರಾವತಿಯ ಉದ್ದ ಕೇವಲ 128 ಕಿಲೋಮೀಟರು. ದೇಶದ ಮಹಾನದಿಗಳ ಮುಂದೆ ಇದು ಗಣನೆಗೆ ಬಾರದ ಅಳತೆಯಾದರೂ, ಘಟ್ಟದ ಮೇಲಿನಿಂದ ಕಡಲಮಟ್ಟಕ್ಕೆ ಇಳಿಯಬೇಕಾದ ಎತ್ತರದಲ್ಲಿ ದೊಡ್ಡದೊಂದು ಪಾಲನ್ನು ಒಂದೇ ಜಿಗಿತದಲ್ಲಿ ಮುಗಿಸಿಬಿಡುವ ಪ್ರತಾಪ ಈ ಕಿರುನದಿಯದು. ಜೋಗದಲ್ಲಿ ಅದು ಬೀಳುವ ಎತ್ತರ 830 ಅಡಿ, ಎಂದರೆ 253 ಮೀಟರು. ಅದರ ನಾಲ್ಕು ಧಾರೆಗಳಲ್ಲಿ ರಾಜ ಬಂಡೆಯ ಗೊಡವೆಗೆ ಹೋಗದೆ ನೆಟ್ಟಗೆ ಪ್ರಪಾತಕ್ಕೆ ಧುಮುಕುತ್ತಾನೆ. ರೋರರ್ ಗರ್ಜಿಸುತ್ತ ಓರೆಯಾಗಿ ನುಗ್ಗಿ ನಡುದಾರಿಯಲ್ಲಿ ರಾಜನನ್ನೇ ಕೂಡಿಕೊಳ್ಳುತ್ತದೆ. ರಾಕೆಟ್ ಬಂಡೆಯ ಮೊನೆಗಳಿಗೆ ತಾಗಿ ಸಿಡಿದು ಸಿಡಿದು ಕೆಳಗಿಳಿಯುತ್ತದೆ. ರಾಣಿ ಯಾವ ಆತುರವನ್ನೂ ತೋರದೆ ಬಂಡೆಯ ಮೈಯುದ್ದಕ್ಕೂ ನೊರೆಯಾಗಿ ಹರಡಿಕೊಳ್ಳುತ್ತಾಳೆ. ಮಹಾಪೂರದ ದಿನಗಳಲ್ಲಿ ಈ ನಾಲ್ವರ ವ್ಯಕ್ತಿತ್ವಭೇದವೂ ಅಳಿದು, ಬಂಡೆಯ ಅಂಚಿನುದ್ದಕ್ಕೂ ಕೆಂಪುಮಿಶ್ರಿತವಾದ ಒಂದೇ ಜಲರಾಶಿ ಉರುಳುವುದುಂಟು. ಅದು ಭವ್ಯವೇ ಸರಿ, ಆದರೆ ನಾಲ್ವರನ್ನೂ ಬೇರೆಬೇರೆಯಾಗಿ ಬಲ್ಲವರಿಗೆ ಅದರಲ್ಲಿ ಒಂದು ನಷ್ಟವೂ ಉಂಟು.

ಬೇಸಗೆಯಲ್ಲಿ ನೀರೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಜಲಪಾತದಿಂದ ಕೆಲವೇ ಮೈಲಿಗಳ ಮೇಲೆ, ಲಿಂಗನಮಕ್ಕಿಯಲ್ಲಿದೆ. ಮೈಸೂರು ಸಂಸ್ಥಾನದ ಸರ್ಕಾರ 1939ರಲ್ಲಿ ಕೈಗೆತ್ತಿಕೊಂಡ ಜೋಗದ ವಿದ್ಯುದ್ಯೋಜನೆ 1948ರಲ್ಲಿ ಕಾರ್ಯಾರಂಭ ಮಾಡಿತು. ಕೃಷ್ಣರಾಜೇಂದ್ರ ಎಂಬ ಹೆಸರಿನಿಂದ ಮೊದಲುಗೊಂಡ ಆ ವಿದ್ಯುದಾಗಾರವನ್ನು ಇಂದು ಮಹಾತ್ಮಾ ಗಾಂಧಿಯವರ ಹೆಸರಿನಿಂದ ಕರೆಯುತ್ತಾರೆ. ಅದಕ್ಕೆ ನೀರೊದಗಿಸಲು ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಎರಡು ದಶಕವೂ ಬಾಳಲಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಮಹಾಬಂಧವು, ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರನ್ನು ಹಿಡಿದು, ಸುಮಾರು 300 ಚದರ ಕಿಲೋಮೀಟರುಗಳಷ್ಟು ನೆಲವನ್ನೂ ಅದರೊಡನೆ ಆ ಹಳೆಯ ಅಣೆಕಟ್ಟನ್ನೂ ಮುಳುಗಿಸಿತು. ಲಿಂಗನಮಕ್ಕಿಯ ನೀರು ಜಲಪಾತವನ್ನು ಬಳಸಿಕೊಂಡು, ಕಾಲುವೆಯ ಮೂಲಕ ತಳಕಳಲೆಯ ಜಲಾಶಯಕ್ಕೂ ಅಲ್ಲಿಂದ ಕೊಳವೆಗಳಲ್ಲಿಳಿದು ಹತ್ತು ಯಂತ್ರಗಳಿಂದ 1035 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲ ಶರಾವತಿ ವಿದ್ಯುದಾಗಾರಕ್ಕೂ ಹೋಗುವುದರಿಂದ, ಜೋಗದ ಪಾಲಿಗೆ ಉಳಿಯುವುದು ಅಣೆಕಟ್ಟಿನ ಕೆಳಗೆ ಬಿದ್ದ ಮಳೆ ಮತ್ತು ಜಲಾಶಯ ತುಂಬಿದ ವರ್ಷ ಬಾಗಿಲು ತೆರೆದಾಗ ಹರಿದುಬರುವ ಮಿಗತೆ, ಇವೆರಡೇ. ಜಲಾಶಯ ಪ್ರತಿವರ್ಷವೂ ತುಂಬಲೇಬೇಕೆಂಬ ನಿಯಮವೇನೂ ಇಲ್ಲ. ಮನೆಯಲ್ಲಿ ದೀಪವನ್ನೂ ಜೋಗದಲ್ಲಿ ಜಲಪಾತವನ್ನೂ ಏಕಕಾಲದಲ್ಲಿ ಅಪೇಕ್ಷಿಸುವ ನಮ್ಮ ದ್ವಂದ್ವ ಇದರಲ್ಲಿದೆ. ಆದರೆ ವಿಹಾರಕ್ಕೆ ಹೊರಟವನನ್ನು ಈ ವಿಚಾರದಿಂದ ಹೆಚ್ಚು ಪೀಡಿಸುವುದು ಉಚಿತವಲ್ಲ.

ಹಾಗಾದರೆ ಜೋಗಕ್ಕೆ ಯಾವಾಗ ಹೋಗಬೇಕು? ಜುಲೈ ತಿಂಗಳಿನಲ್ಲಿ ನೀರು ಯಥೇಚ್ಛವಾಗಿರುವುದು ನಿಜ. ಅಷ್ಟೇ ಯಥೇಚ್ಛವಾಗಿ ಮಂಜೂ ಇರುವುದರಿಂದ, ಕಿವಿ ತುಂಬುವ ಭೋರ್ಗರೆತವನ್ನು ಕೇಳುತ್ತ, ಕಣ್ಣೆದುರಿನ ಬಿಳಿಯ ತೆರೆಯನ್ನೇ ದಿಟ್ಟಿಸುತ್ತ, ಕೊಡೆ ಹಿಡಿದುಕೊಂಡು ಗಂಟೆಗಟ್ಟಲೆ ಕಾದು, ಗಾಳಿ ಕರುಣಿಸಿದ ಎರಡು ನಿಮಿಷಗಳ ದರ್ಶನಕ್ಕೇ ತೃಪ್ತರಾಗಬೇಕಾದ ಪ್ರಸಂಗ ಆಗ ಸಾಮಾನ್ಯ. ಈ ಕಾಯುವಿಕೆಯೇ ಸುಖವೆಂದು ಬಗೆಯುವ ರಸಿಕರೂ ಇದ್ದಾರೆ. ಉಳಿದವರಿಗೆ ಆಗಸ್ಟಿನ ಉತ್ತರಾರ್ಧದಿಂದ ಅಕ್ಟೋಬರಿನವರೆಗಿನ ಕಾಲ ಪ್ರಶಸ್ತ. ನೋಡುವ ಸ್ಥಾನಗಳೂ ಎರಡುಂಟು. ರಾಜ್ಯಗಳ ಪುನರ್ವಿಂಗಡಣೆಗೆ ಮುಂಚೆ ಇಲ್ಲಿ ನದಿಯೇ ಗಡಿಯಾಗಿತ್ತು. ಈಚೆಯದು ಮೈಸೂರು ಸಂಸ್ಥಾನ, ಆಚೆಯದು ಮುಂಬಯಿ ಪ್ರಾಂತ. ಆದಕಾರಣ ಈ ದಡದಲ್ಲಿ ಮೈಸೂರು ಬಂಗಲೆಯೂ ಸಿದ್ದಾಪುರದ ಕಡೆಯ ದಡದಲ್ಲಿ ಬಾಂಬೆ ಬಂಗಲೆಯೂ ಎದ್ದವು. ಜನಸಂದಣಿಯೆಲ್ಲ ಮೈಸೂರಿನ ಕಡೆ. ಆಚೆ ದಡಕ್ಕೆ ಹೋಗಿ ರಾಜನ ನೆತ್ತಿಯನ್ನು ಸಮೀಪದಿಂದ ಕಾಣುವವರು ವಿರಳ. ಮಳೆ ನಿಂತು ಕಲ್ಲು ಒಣಗಿದ ಮೇಲೆ, ಅನುಮತಿಯಿದ್ದ ದಿನಗಳಲ್ಲಿ, ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳನ್ನಿಳಿದು ಗುಂಡಿಯ ಬಳಿಗೆ ಹೋಗಬಹುದು. ಇಳಿಯುವುದು ಯಾರಿಗೂ ಸುಲಭ. ಮಂಡಿಗಳ ಪರೀಕ್ಷೆ ನಡೆಯುವುದು ಹತ್ತುವಾಗ. ಮಳೆಗಾಲದಲ್ಲಿ ಈ ದಾರಿ ಮುಚ್ಚಿರುತ್ತದೆ. ಬೇಲಿಯ ಸಂದಿನಲ್ಲಿ ನುಸುಳಿ ಬಂಡೆಯಂಚಿನಲ್ಲಿ ಚಿತ್ರ ತೆಗೆಸಿಕೊಳ್ಳಲು ಹವಣಿಸುವವರಿಗೆ ಇಲ್ಲಿಯ ಪಾಚಿ ಎಷ್ಟು ನಿರ್ದಾಕ್ಷಿಣ್ಯವಾದುದೆಂದು ಸ್ಥಳೀಯರು ಹೇಳುತ್ತಲೇ ಇರುತ್ತಾರೆ.

ಮಳೆಗಾಲದ ಮಲೆನಾಡಿನಲ್ಲಿ ಹೊರಗಿನ ವಿಹಾರಕ್ಕಿಂತ ಜಗಲಿಯ ವಿಹಾರವೇ ಶ್ರೇಷ್ಠವೆಂದು ಆ ನಾಡಿನವರ ಅಭಿಪ್ರಾಯ. ಕಾಡಿಗೆ ಕಾಲಿಟ್ಟರೆ ಉಂಬಳಗಳ ಸ್ವಾಗತ ನಿಶ್ಚಿತ. ಹೊಗೆಸೊಪ್ಪನ್ನೂ ಸುಣ್ಣವನ್ನೂ ಕಾಲಿಗೆ ಸವರಿಕೊಳ್ಳುವ ಹಳೆಯ ಉಪಾಯ ಇಂದಿಗೂ ಉದ್ದನೆಯ ಕಾಲುಚೀಲಗಳಷ್ಟೇ ಪ್ರಯೋಜನಕಾರಿ. ಹತ್ತಿದ ಉಂಬಳವನ್ನು ಗಾಬರಿಯಿಂದ ಕಿತ್ತೆಸೆಯದೆ ಚಿಟಿಕೆ ಉಪ್ಪು ಹಾಕಿದರೆ ತಾನಾಗಿ ಬಿಡುತ್ತದೆ. ಆದರೂ ಸಿಳ್ಳಾರದ ಹಾಡು ಕೇಳುವುದು ಈ ದಿನಗಳಲ್ಲಿಯೇ ಎಂಬುದನ್ನು ಮರೆಯಬಾರದು: ಮಳೆಗೆ ಕಪ್ಪಾದ ಹಳ್ಳದ ಕಲ್ಲಿನ ಮೇಲೆ ಕುಳಿತು ನಿರುದ್ದೇಶವಾಗಿ ಸಿಳ್ಳು ಹಾಕುವ ಈ ನೀಲಿಛಾಯೆಯ ಹಕ್ಕಿಗಾಗಿ ಒಂದೆರಡು ಉಂಬಳಗಳಿಗೆ ರಕ್ತದಾನ ಮಾಡಬಹುದು. ಮನೆಯೊಳಗೆ ಕಳಲೆಯ ಪಲ್ಯ, ಪತ್ರೊಡೆ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಅಪ್ಪೆಮಿಡಿಯ ಉಪ್ಪಿನಕಾಯಿ. ಸಾಗರದ ಸಮೀಪದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿ, ಕೆ.ವಿ. ಸುಬ್ಬಣ್ಣನವರ ಕರ್ತೃತ್ವದಿಂದ ದೇಶಪ್ರಸಿದ್ಧವಾದ ನೀನಾಸಮ್ ಸಂಸ್ಥೆಯ ರಂಗಮಂದಿರವಿದೆ. ಪ್ರದರ್ಶನವಿರುವ ದಿನವನ್ನು ವಿಚಾರಿಸಿಕೊಂಡು ಹೋದರೆ, ಅಡಕೆಯ ತೋಟಗಳ ನಡುವಣ ಹಳ್ಳಿಯೊಂದರಲ್ಲಿ ಶೇಕ್ಸ್‌ಪಿಯರನ ನಾಟಕವನ್ನು ಕನ್ನಡದಲ್ಲಿ ನೋಡಿ ಬರಬಹುದು. ಪ್ರಕೃತಿಯ ದರ್ಶನಕ್ಕೆ ಬಂದವನಿಗೆ ಇದು ಅಪ್ರಕೃತವೆನಿಸೀತು. ಆದರೆ ಮಳೆಯ ಸಂಜೆಗಳು ದೀರ್ಘವಾದುವು.

ನವೆಂಬರ್ ತಿಂಗಳಿನಲ್ಲಿ ಪಂಚಾಂಗದ ಪುಟ ತಿರುಗುತ್ತದೆ. ಹುಲ್ಲು ಇನ್ನೂ ಹಸುರಾಗಿರುವಾಗಲೇ ಆಕಾಶ ಶುಭ್ರವಾಗುವ ಈ ಸಂಧಿಕಾಲ ಕೊಡಚಾದ್ರಿಗೆ ಮೀಸಲು. 1343 ಮೀಟರು ಎತ್ತರದ ಈ ಪರ್ವತ ಪಶ್ಚಿಮಘಟ್ಟಗಳಲ್ಲಿ ಉನ್ನತವಾದುವುಗಳ ಪಂಕ್ತಿಗೆ ಸೇರತಕ್ಕುದಲ್ಲ. ಮುಳ್ಳಯ್ಯನಗಿರಿ, ಕುದುರೆಮುಖಗಳ ಮುಂದೆ ಅದು ಕುಳ್ಳನೇ. ಆದರೆ ಅದು ಘಟ್ಟದ ಅಂಚಿನಲ್ಲಿಯೇ ನಿಂತಿರುವುದರಿಂದ, ಪಶ್ಚಿಮಕ್ಕೆ ಮುಖಮಾಡಿದವನ ಮುಂದೆ ನೆಲ ಒಮ್ಮೆಗೇ ಕುಸಿದು, ಕೊಲ್ಲೂರಿನ ಕಾಡು, ಕರಾವಳಿಯ ತೆಂಗಿನ ಪಟ್ಟಿ, ಅದರಾಚೆ ಬಿಸಿಲಿಗೆ ಮಿನುಗುವ ಕಡಲು ಇವೆಲ್ಲವೂ ಪದರಪದರವಾಗಿ ಗೋಚರಿಸುತ್ತವೆ; ಪೂರ್ವಕ್ಕೆ ತಿರುಗಿದರೆ ಲಿಂಗನಮಕ್ಕಿಯ ಹಿನ್ನೀರು. ನಿಟ್ಟೂರು, ಕಟ್ಟಿನಹೊಳೆಗಳ ಮಾರ್ಗವಾಗಿ ಜೀಪುಗಳು ಬೆಟ್ಟದ ಮೇಲಿನ ಭಟ್ಟರ ಮನೆಯವರೆಗೆ ಏರುತ್ತವೆ. ಆ ರಸ್ತೆಯನ್ನು ರಸ್ತೆಯೆನ್ನುವುದು ಔದಾರ್ಯದ ಮಾತು; ಕೊರಕಲುಗಳ ಮೇಲೆ ಜೀಪು ಎಡಬಲಕ್ಕೆ ವಾಲುತ್ತ ಏರುವಾಗ ಒಳಗಿನವರು ಕಬ್ಬಿಣದ ಸರಳನ್ನು ಹಿಡಿದು ದೇವರನಾಮವನ್ನು ಸ್ಮರಿಸುತ್ತಾರೆ, ಸಾರಥಿಯಾದರೋ ಒಂದೇ ಕೈಯಲ್ಲಿ ಸ್ಟೇರಿಂಗು ಹಿಡಿದು ಮೊಬೈಲಿನಲ್ಲಿ ಮುಂದಿನ ಬಾಡಿಗೆಯನ್ನು ನಿಶ್ಚಯಿಸುತ್ತಿರುತ್ತಾನೆ.

ನನ್ನ ಮಟ್ಟಿಗೆ ಹೇಳುವುದಾದರೆ, ಅಂಗಾಂಗಗಳು ಸ್ವಸ್ಥವಾಗಿರುವವರು ಜೀಪನ್ನು ವೃದ್ಧರಿಗೂ ಮಕ್ಕಳಿಗೂ ಬಿಟ್ಟುಕೊಟ್ಟು ನಡೆದೇ ಹತ್ತುವುದು ಲೇಸು. ಹಿಡ್ಲುಮನೆಯ ಜಲಪಾತದ ಕಡೆಯಿಂದ ಏರುವ ದಾರಿ ಎಲ್ಲಕ್ಕಿಂತ ರಮ್ಯವೂ ಎಲ್ಲಕ್ಕಿಂತ ಕಷ್ಟಕರವೂ ಆದುದು: ಮೊದಲು ನೆರಳು ತುಂಬಿದ ಕಾಡು, ಅನಂತರ ಹಂತಹಂತವಾಗಿ ಬೀಳುವ ನೀರಿನ ಪಕ್ಕದಲ್ಲಿ ಬೇರು ಹಿಡಿದು ಬಂಡೆ ಏರಬೇಕಾದ ತಾಣಗಳು, ಆಮೇಲೆ ಮರಗಳೆಲ್ಲ ಹಿಂದುಳಿದು ಗಾಳಿಗೆ ಬಾಗುವ ಹುಲ್ಲಿನ ಇಳಿಜಾರು. ನಾಗೋಡಿಯಿಂದ ಬರುವ ದಾರಿ ಅಷ್ಟು ಕಡಿದಲ್ಲ. ಮೇಲೆ ಮೂಲಮೂಕಾಂಬಿಕೆಯ ಗುಡಿ, ಅದರ ಮುಂದೆ ಶತಮಾನಗಳ ಮಳೆಗೂ ತುಕ್ಕಿಗೂ ಸೋಲದೆ ನಿಂತಿರುವ ಎತ್ತರದ ಕಬ್ಬಿಣದ ಕಂಬ. ಅಲ್ಲಿಂದ ಮತ್ತೆ ನಡೆದು ಗಣೇಶನ ಗುಹೆಯನ್ನು ದಾಟಿದರೆ ಶಿಖರದಲ್ಲಿ ಶಂಕರಾಚಾರ್ಯರ ಐತಿಹ್ಯಕ್ಕೆ ಸೇರಿದ, ಕಲ್ಲಿನಿಂದ ಕಟ್ಟಿದ ಸರ್ವಜ್ಞಪೀಠ. ಪುಟ್ಟದಾದ ಆ ಮಂಟಪದ ಮುಂದೆ ಮಲಯಾಳದ ಭಕ್ತರ ಸಾಲೇ ಹೆಚ್ಚು. ಕೊಲ್ಲೂರಿನ ದರ್ಶನವಾದ ಮೇಲೆ ಕೊಡಚಾದ್ರಿಯನ್ನು ಏರದೆ ಹಿಂದಿರುಗಿದರೆ ಯಾತ್ರೆ ಅಪೂರ್ಣವೆಂದು ಅವರಲ್ಲಿ ಅನೇಕರು ಭಾವಿಸುತ್ತಾರೆ. ಪೀಠದಿಂದ ಕಾಡಿನ ಕಡಿದಾದ ಇಳಿಜಾರಿನಲ್ಲಿ ಚಿತ್ರಮೂಲವೆಂಬ ಗವಿಗೂ ಹೋಗಬಹುದು. ಮೇಲೇರಿದವರಲ್ಲಿ ಅಲ್ಲಿಗಿಳಿಯುವವರು ಕೆಲವರೇ. ಸೂರ್ಯಾಸ್ತವನ್ನು ನೋಡಲು ಜೀಪಿನಲ್ಲಿ ಬಂದ ಸಮೂಹವೆಲ್ಲ ಕತ್ತಲಾಗುವ ಮುನ್ನ ಇಳಿದುಹೋಗುತ್ತದೆ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದೊಳಗಿರುವುದರಿಂದ ತಂಗುವಿಕೆಗೂ ಚಾರಣಕ್ಕೂ ಅರಣ್ಯ ಇಲಾಖೆಯ ನಿಬಂಧನೆಗಳಿವೆ. ಮಳೆಗಾಲದಲ್ಲಿ ಚಾರಣವನ್ನು ನಿಷೇಧಿಸುವುದೂ ಉಂಟು. ರಾಜ್ಯದ ಹಲವು ಚಾರಣಮಾರ್ಗಗಳಿಗೆ ಈಗ ಇಲಾಖೆಯ ಜಾಲತಾಣದಲ್ಲಿ ಮುಂಗಡವಾಗಿ ಚೀಟಿ ಪಡೆಯಬೇಕಾದ ಕಾರಣ, ಬೆಟ್ಟದ ಬುಡಕ್ಕೆ ಬಂದು ವಾದಿಸುವುದಕ್ಕಿಂತ ಮನೆಯಲ್ಲಿಯೇ ವಿಚಾರಿಸಿಕೊಳ್ಳುವುದು ಕ್ಷೇಮ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಿನ್ನೀರಿನ ಸರದಿ. ಸಾಗರದಿಂದ ಜೋಗದ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಎಡಕ್ಕೆ ಒಳನುಗ್ಗಿದರೆ ಸಿಗುವ ಹೊನ್ನೆಮರಡು, ದಡದಲ್ಲಿ ಮನೆಗಳು ವಿರಳವಾಗಿ ಚದುರಿದ ಒಂದು ಗ್ರಾಮ. ಜಲಕ್ರೀಡೆಯ ಶಿಬಿರವೊಂದು ಇಲ್ಲಿ ಬಹುಕಾಲದಿಂದ ನಡೆಯುತ್ತಿದೆ. ಹರಿಗೋಲು, ಕಯಾಕು, ಕ್ಯಾನೋಗಳನ್ನು ತಾವೇ ಹುಟ್ಟು ಹಾಕಿ ನಡೆಸಲು ಕಲಿಯಬಹುದು. ಜೀವರಕ್ಷಕ ಅಂಗಿಯನ್ನು ತೊಟ್ಟು, ಈಜು ಬಾರದವರೂ ನೀರಿನ ಮೇಲೆ ಅಂಗಾತ ಬಿದ್ದುಕೊಂಡು ಆಕಾಶವನ್ನು ನೋಡಬಹುದು. ನಡುನೀರಿನ ದಿಬ್ಬಕ್ಕೆ ಹೋಗಿ ಬರಬಹುದು. ಹರಿಗೋಲು ಪ್ರಥಮಾಭ್ಯಾಸಿಯ ಅಹಂಕಾರಕ್ಕೆ ತಕ್ಕ ಗುರು: ಮುಂದಕ್ಕೆ ಹೋಗಬೇಕೆಂದು ಎಷ್ಟು ಬಲವಾಗಿ ಹುಟ್ಟು ಹಾಕಿದರೆ ಅಷ್ಟು ವೇಗವಾಗಿ ಅದು ಇದ್ದಲ್ಲಿಯೇ ಗಿರಕಿ ಹೊಡೆಯುತ್ತದೆ, ಒಂದು ಪಕ್ಕಕ್ಕೆ ಎಳೆಯದೆ ಎದುರಿನ ನೀರನ್ನು ತನ್ನತ್ತ ಬಾಚಿಕೊಳ್ಳಬೇಕೆಂಬ ಗುಟ್ಟು ಕೈಗೆ ಹತ್ತಲು ಒಂದು ಮುಂಜಾನೆಯಾದರೂ ಬೇಕು. ಕಾರ್ಗಲ್ಲಿನ ಸಮೀಪದ ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿಶಿಬಿರವಿದೆ. ಅಲ್ಲಿ ಕಾಡು ನೀರಿನ ಅಂಚಿಗೇ ಬಂದು ನಿಂತಿದೆ. ಎರಡರಲ್ಲಿಯೂ ಮೋಟಾರಿನ ಅಬ್ಬರವಿಲ್ಲದ ವಿಹಾರವನ್ನೇ ಬಯಸಬೇಕೆಂಬುದು ನನ್ನ ಹಠ. ಹಿನ್ನೀರಿನ ಮೇಲೆ ಶಬ್ದ ಬಹುದೂರ ಸಾಗುತ್ತದೆ, ಒಂದು ಯಂತ್ರದ ದೋಣಿ ಹತ್ತು ಹಳ್ಳಿಗಳ ಮಧ್ಯಾಹ್ನವನ್ನು ಕೆಡಿಸಬಲ್ಲದು.

ಆದರೆ ಈ ನೀರು ಸರೋವರವಲ್ಲ. ದೋಣಿ ಜಾರುವೆಡೆಯ ಕೆಳಗೆ ಅಡಕೆಯ ತೋಟಗಳಿದ್ದುವು, ಗದ್ದೆಗಳಿದ್ದುವು, ಹೊಳೆಯ ದಂಡೆಯ ಅಪ್ಪೆಮಿಡಿಯ ಮರಗಳಿದ್ದುವು, ಗುಡಿಗಳೂ ದೀವರ, ಹವ್ಯಕರ, ಒಕ್ಕಲಿಗರ ಮನೆಗಳೂ ಇದ್ದುವು. ಇಂದಿಗೂ ಆ ಸೀಮೆಯ ಹಿರಿಯರು ಕಾಲಗಣನೆ ಮಾಡುವುದು ‘ಮುಳುಗಡೆಗಿಂತ ಮುಂಚೆ’, ‘ಮುಳುಗಡೆಯ ಮೇಲೆ’ ಎಂದೇ. ನೆಲ ಕಳೆದುಕೊಂಡ ಕುಟುಂಬಗಳಲ್ಲಿ ಬಹಳ ಮಂದಿ ಶಿವಮೊಗ್ಗದ ಸುತ್ತಣ ಕಾಡುನೆಲಗಳಿಗೆ ಹೋಗಿ ನೆಲಸಿದರು. ಅವರ ಮಕ್ಕಳ ಹಕ್ಕುಪತ್ರದ ವ್ಯಾಜ್ಯಗಳು ಇನ್ನೂ ತೀರಿಲ್ಲ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯ ಪ್ರದೇಶದಲ್ಲಿಯೇ ಕೆಲಸ ಮಾಡಿ, ಸಾಗರದಲ್ಲಿ ನೆಲಸಿ, 2025ರ ಜನವರಿಯಲ್ಲಿ ನಿಧನರಾದ ನಾ. ಡಿಸೋಜರು ಈ ಸಂಗತಿಯನ್ನು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳಲ್ಲಿ ದಾಖಲಿಸಿದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಹೊನ್ನೆಮರಡಿಗೆ ಹೋಗುವವರು ಚೀಲದಲ್ಲಿ ಒಂದು ಪುಸ್ತಕವನ್ನಿಟ್ಟುಕೊಳ್ಳುವುದಾದರೆ ಅದು ಇವೆರಡರಲ್ಲೊಂದಾಗಿರಲಿ.

ಬೇಸಗೆ ಕಾವೇರಿದಂತೆ ಹಿನ್ನೀರು ಹಿಂಜರಿಯುತ್ತದೆ. ನೀರು ಸಾಕಷ್ಟು ಇಳಿದ ವರ್ಷಗಳಲ್ಲಿ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೈದೋರುತ್ತದೆ. ಹೆಚ್ಚಿನ ನೀರನ್ನು ತಾನಾಗಿ ಹೀರಿ ಹೊರಚೆಲ್ಲಲೆಂದು ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸೈಫನ್ನುಗಳು ಈ ಕಟ್ಟೆಯ ವೈಶಿಷ್ಟ್ಯ. ನೀರು ಒಂದು ಮಟ್ಟವನ್ನು ಮೀರಿದೊಡನೆ ಬಾಯಿಯಂಚಿನ ಸುರುಳಿಗಳ ಬಲದಿಂದ ಸುಳಿಯೆದ್ದು ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುವುದರಿಂದ, ಬಾಗಿಲು ತೆರೆಯುವ ಆಳಿನ ಅಗತ್ಯವೇ ಇಲ್ಲದೆ ನೀರು ರಭಸದಿಂದ ಹೊರಬೀಳುವಂತೆ ಅವನ್ನು ಯೋಜಿಸಲಾಗಿತ್ತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಾಗರದ ಕಡೆಗೆ ಹೋಗಲೇಬೇಕಾಗಿ ಬಂದವರು ಬರಿದಾದ ಜೋಗದ ಮುಂದೆ ನಿಟ್ಟುಸಿರಿಡುವ ಬದಲು, ಬಿರುಕುಬಿಟ್ಟ ಕೆಸರಿನಲ್ಲಿ ಈ ಕಟ್ಟಡದ ಬಳಿಗೆ ಹೋಗಿ ನಿಲ್ಲಬಹುದು. ಸ್ಥಳೀಯನೊಬ್ಬನನ್ನು ಜೊತೆಗೆ ಕರೆದೊಯ್ಯುವುದು ಅವಶ್ಯಕ. ಮೇಲೆ ಒಣಗಿದಂತೆ ತೋರುವ ಹೂಳು ಒಳಗೆ ಹಸಿಯಾಗಿರುತ್ತದೆ.

ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರನ್ನು ಲಾಂಚಿನಲ್ಲಿ ದಾಟುವುದೂ ಪ್ರವಾಸಿಗರಿಗೆ ಒಂದು ವಿನೋದವಾಗಿತ್ತು. ಬಸ್ಸು, ಕಾರು, ಬೈಕು, ಸಿಗಂದೂರು ಚೌಡೇಶ್ವರಿಯ ಭಕ್ತರು ಎಲ್ಲವನ್ನೂ ಹೊತ್ತು ಆ ಲಾಂಚು ಮಂದಗತಿಯಲ್ಲಿ ಸಾಗುವಾಗ ಊರಿನವರು ಗಡಿಯಾರ ನೋಡುತ್ತಿದ್ದರು, ಪರವೂರಿನವರು ಚಿತ್ರ ತೆಗೆಯುತ್ತಿದ್ದರು. 2025ರ ಜುಲೈಯಲ್ಲಿ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಆ ಸೇತುವೆಯ ಮೇಲೆ ಈಗ ನಿಮಿಷಗಳಲ್ಲಿ ಆಚೆ ಸೇರಬಹುದು. ಲಾಂಚಿನ ಸೊಗಸು ಹೋಯಿತೆಂದು ಪರಿತಪಿಸುವ ಪ್ರವಾಸಿಗರ ಮಾತನ್ನು ನಾನು ಒಪ್ಪಲಾರೆ. ಕರೂರು, ಬಾರಂಗಿ ಹೋಬಳಿಗಳ ಜನ ಅರ್ಧ ಶತಮಾನಕ್ಕೂ ಮೀರಿ, ಸಂಜೆ ಲಾಂಚು ನಿಂತ ಮೇಲೆ ಹೆರಿಗೆಯ ನೋವು ಬಂದವರನ್ನೂ ಹಾವು ಕಚ್ಚಿದವರನ್ನೂ ಎತ್ತಿಕೊಂಡು ದಡದಲ್ಲಿ ತಳಮಳಿಸಿದವರು. ನಾಡಿಗೆ ಬೆಳಕು ಕೊಟ್ಟ ನೀರಿನ ಆಚೆ ದಡದಲ್ಲಿ ಕತ್ತಲೆಯನ್ನು ಅನುಭವಿಸಿದವರು. ಅವರ ಅನನುಕೂಲ ಇನ್ನೊಬ್ಬರ ವಿಹಾರಕ್ಕೆ ಬಂಡವಾಳವಾಗಬೇಕಾದುದಿಲ್ಲ.

ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ಈ ಎರಡು ದೇವಾಲಯಗಳೂ ಸಾಗರಕ್ಕೆ ಅತ್ಯಂತ ಸಮೀಪದಲ್ಲಿರುವುದರಿಂದ, ಯಾವ ಋತುವಿನಲ್ಲಾದರೂ ಅರ್ಧ ದಿನದಲ್ಲಿ ನೋಡಿ ಮುಗಿಸಬಹುದು. ಸೈಕಲ್ ತುಳಿಯಬಲ್ಲವರಿಗೆ ಇದಕ್ಕಿಂತ ಹಿತವಾದ ದಾರಿಗಳು ಜಿಲ್ಲೆಯಲ್ಲಿ ಕಡಮೆ. ಸಾಗರ ಪೇಟೆಯಲ್ಲಿ ಗುಡಿಗಾರರ ಗಂಧದ ಕೆತ್ತನೆಯನ್ನು ಕಾಣಬಹುದು. ಹಕ್ಕಿಗಳ ವಿಷಯದಲ್ಲಿ ಆಸಕ್ತಿಯುಳ್ಳವರು ಸೊರಬ ತಾಲ್ಲೂಕಿನ ಗುಡವಿಗೆ ಮಳೆಗಾಲದಲ್ಲಿಯೇ ಹೋಗಬೇಕು. ಅಲ್ಲಿಯ ಕೆರೆಯ ಮರಗಳಲ್ಲಿ ಕೊಕ್ಕರೆ, ಕೆಂಬರಲುಗಳು ಗೂಡು ಕಟ್ಟುವುದು ಆಗಲೇ.

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಘಟ್ಟದ ರಸ್ತೆಯನ್ನು ರಾತ್ರಿ ಬಸ್ಸಿನಲ್ಲಿ ನಿದ್ರಿಸುತ್ತ ಕಳೆಯುವುದು ದೊಡ್ಡ ಅವಿವೇಕ. ಎರಡು ಪಕ್ಕಗಳಲ್ಲಿಯೂ ನಿತ್ಯಹರಿದ್ವರ್ಣದ ಕಾನು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ವಿಸ್ತರಿಸಿ ಸಿಂಗಳೀಕಗಳ ಹೆಸರಿನಲ್ಲಿ ರಕ್ಷಿಸಿರುವ ಪ್ರದೇಶ ಇದೇ. ಕಪ್ಪು ಮೈಯ, ಮುಖದ ಸುತ್ತ ಬೂದುಬಣ್ಣದ ಕೇಸರವುಳ್ಳ ಸಿಂಗಳೀಕ ಪಶ್ಚಿಮಘಟ್ಟಗಳನ್ನು ಬಿಟ್ಟರೆ ಲೋಕದ ಇನ್ನಾವ ಕಾಡಿನಲ್ಲಿಯೂ ಇಲ್ಲ. ಅದು ಮರದ ತುದಿಗಳ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಆ ಅಪರೂಪವನ್ನು ಕೆಡಿಸಿದವರು ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು, ಬಿಸ್ಕತ್ತು ಎಸೆಯುವ ಪ್ರವಾಸಿಗರು: ತಿಂಡಿಯ ಆಸೆಗೆ ಡಾಂಬರಿಗೆ ಬಂದ ಕೋತಿ ಲಾರಿಯ ಚಕ್ರಕ್ಕೆ ಸಿಕ್ಕುತ್ತದೆ. ಈ ದಾರಿಯ ಸಮೀಪದಲ್ಲಿಯೇ ಕತ್ತಲೆಕಾನಿನ ರಾಮಪತ್ರೆಯ ಜಡ್ಡಿಗಳಿವೆ. ವರ್ಷವಿಡೀ ನೀರೂರುವ ಕೆಸರಿನಲ್ಲಿ ನಿಂತಿರುವ ಈ ಮರಗಳ ಬೇರುಗಳು ಉಸಿರಾಟಕ್ಕಾಗಿ ನೆಲದಿಂದ ಮೇಲಕ್ಕೆ ಮಂಡಿಯ ಹಾಗೆ ಬಾಗಿ ಎದ್ದು ಮತ್ತೆ ಕೆಳಗಿಳಿಯುತ್ತವೆ. ಅತಿ ಪ್ರಾಚೀನವಾದ ಸಸ್ಯಕುಲಕ್ಕೆ ಸೇರಿದ ಮರಗಳ ಈ ಜೌಗುಕಾಡುಗಳು ಈಗ ಘಟ್ಟದಲ್ಲಿ ಅಲ್ಲೊಂದು ಇಲ್ಲೊಂದು ತುಣುಕಾಗಿ ಮಾತ್ರ ಉಳಿದಿವೆ. ಅನುಮತಿಯಿಲ್ಲದೆ, ಮಾರ್ಗದರ್ಶಕನಿಲ್ಲದೆ ಅವುಗಳೊಳಗೆ ಕಾಲಿಡತಕ್ಕುದಲ್ಲ.

ಘಟ್ಟವನ್ನಿಳಿದ ಮೇಲೆ ನದಿಯ ಸ್ವಭಾವವೇ ಬೇರೆ. ಗೇರುಸೊಪ್ಪೆಯಲ್ಲಿ, ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಹಳೆಯ ರಾಜಧಾನಿಯ ಅವಶೇಷಗಳ ನಡುವೆ, ನಾಲ್ಕು ದಿಕ್ಕಿಗೂ ಬಾಗಿಲುಗಳಿರುವ ಚತುರ್ಮುಖ ಬಸದಿ ಕಾಡಿನಲ್ಲಿ ಏಕಾಂಗಿಯಾಗಿ ನಿಂತಿದೆ. ಹೊನ್ನಾವರದ ಅಳಿವೆಯಲ್ಲಿ ದೋಣಿವಿಹಾರ ವರ್ಷದ ಬಹುಭಾಗ ನಡೆಯುತ್ತದೆ. ಕಾಸರಕೋಡಿನ ಕಾಂಡ್ಲಾವನದಲ್ಲಿ ಮರದ ಹಲಗೆಗಳ ದಾರಿಯ ಮೇಲೆ, ಕಾಲಿಗೆ ಕೆಸರು ತಾಗದಂತೆ, ಏಡಿಗಳ ಸಂಸಾರವನ್ನು ನೋಡುತ್ತ ನಡೆಯಬಹುದು. ಇಳಿತದ ವೇಳೆಯನ್ನು ಆರಿಸಿಕೊಂಡರೆ ಬೇರುಗಳು ಚೆನ್ನಾಗಿ ಕಾಣುತ್ತವೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಡಲತೀರವೂ ಇಲ್ಲಿಯದೇ. ಅಲ್ಲಿ ಸ್ನಾನಗೃಹಗಳೂ ಜೀವರಕ್ಷಕರೂ ಇರುವುದರಿಂದ ಕುಟುಂಬದವರಿಗೆ ಅನುಕೂಲ.

ನವೆಂಬರಿನಿಂದ ಮೇ ತಿಂಗಳವರೆಗೆ, ಎಂದರೆ ಯಕ್ಷಗಾನದ ಮೇಳಗಳು ತಿರುಗಾಟದಲ್ಲಿರುವ ಕಾಲದಲ್ಲಿ ಬಂದವರು ಹಗಲಿನಷ್ಟೇ ರಾತ್ರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಡಗುತಿಟ್ಟಿನ ಮೇಳಗಳು ಈ ಸೀಮೆಯ ಊರೂರುಗಳಲ್ಲಿ, ಕೊಯ್ಲಾದ ಗದ್ದೆಗಳಲ್ಲಿ, ದೇವಸ್ಥಾನಗಳ ಮುಂದೆ ರಂಗಸ್ಥಳವನ್ನು ಹಾಕುತ್ತವೆ. ಕರಪತ್ರ ಬಸ್‌ನಿಲ್ದಾಣದ ಚಹಾದ ಅಂಗಡಿಯಲ್ಲಿ ಸಿಗುತ್ತದೆ. ಈಚೆಗೆ ನಡುರಾತ್ರಿಯ ಹೊತ್ತಿಗೆ ಮುಗಿಯುವ ಕಾಲಮಿತಿಯ ಆಟಗಳು ಹೆಚ್ಚಾಗಿ, ಬೆಳಗಿನವರೆಗಿನ ಆಟಗಳು ಕಡಮೆಯಾಗುತ್ತಿವೆ. ಮರುದಿನ ಮುಂಜಾನೆ ಕೊಡಚಾದ್ರಿ ಹತ್ತಬೇಕಾದವರಿಗೆ ಕಾಲಮಿತಿಯೇ ಅನುಕೂಲವೆಂಬುದು ನಿಜ. ಆದರೆ ಇಡೀ ರಾತ್ರಿಯ ಆಟ ಎಲ್ಲಾದರೂ ಇದೆಯೆಂದು ತಿಳಿದುಬಂದರೆ, ಒಂದು ಕಂಬಳಿಯನ್ನು ಹೊದ್ದು ಅದಕ್ಕೇ ಹೋಗಿ ಕುಳಿತು, ಬೆಟ್ಟವನ್ನು ಇನ್ನೊಂದು ದಿನಕ್ಕೆ ಮುಂದೂಡಬೇಕೆಂದೇ ನಾನು ಶಿಫಾರಸು ಮಾಡುತ್ತೇನೆ.